ಎರಡು ಒನಕೆ, ಒಂದು ಒರಳು

ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಒಬ್ಬರದು ಮೇಲಿದ್ದರೆ ಇನ್ನೊಬ್ಬರದು ಕೆಳಗಿರುತ್ತದೆ. ಇದನ್ನು ಯಾರೂ ಕಲಿಸಬೇಕಿಲ್ಲ. ಎರಡೂ ಒಟ್ಟಿಗೆ ಇಳಿದರೆ ಒನಕೆಗೆ ಒನಕೆ ತಾಕುತ್ತದೆ, ನೆಲ ಅದುರುತ್ತದೆ, ನವಣೆ ಒರಳಿನಿಂದಾಚೆ ಚಿಮ್ಮುತ್ತದೆ. ಸರದಿಯಲ್ಲಿ ಹಾಕಿದರೆ ಪೆಟ್ಟುಗಳ ನಡುವೆ ಸಮನಾದ ಬಿಡುವು ಸಿಗುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ನಮ್ಮ ಬಯಲುಸೀಮೆಯ ಜಗಳೂರಿನಲ್ಲಿ ಇದು ಎಲ್ಲರಿಗೂ ಗೊತ್ತು; 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವವರೆಗೂ ಅದು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿತ್ತು. ಒನಕೆ ಎಂದೊಡನೆ ಓಬವ್ವ ನೆನಪಾಗುವ ಸೀಮೆ ಅದು. ಒನಕೆಯ ಈ ಲೆಕ್ಕ ಗೊತ್ತಿದ್ದವರು ಬ್ರಿಟನ್ನಿನ ಹೆಸರಾಂತ ಜೋಡಿ ಸಿಲಿಂಡರ್ ಬೈಕಿನ ಎಂಜಿನ್ ಬಿಚ್ಚಿ ನೋಡಿದರೆ ಹುಬ್ಬೇರಿಸಬೇಕು. ಟ್ರಯಂಫ್, ನಾರ್ಟನ್, ಬಿಎಸ್‌ಎ, ರಾಯಲ್ ಎನ್‌ಫೀಲ್ಡ್ ಎಲ್ಲವುಗಳಲ್ಲೂ ಅಕ್ಕಪಕ್ಕದ ಎರಡು ಪಿಸ್ಟನ್‌ಗಳು ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಹಳ್ಳಿಯ ಅಂಗಳದಲ್ಲಿ ಯಾರೂ ಮಾಡದ ತಪ್ಪನ್ನು ಜಗತ್ತಿಗೆ ಮೋಟಾರ್‌ಸೈಕಲ್ ಮಾರಿದ ದೇಶದ ಎಂಜಿನಿಯರುಗಳು ಯಾಕೆ ಮಾಡಿದರು?

ಅವರು ತಪ್ಪು ಮಾಡಲಿಲ್ಲ ಎಂಬುದೇ ಈ ಅಧ್ಯಾಯದ ವಾದ. ಆ ನಡುಕ ಗೊತ್ತಿದ್ದೇ ಮಾಡಿದ ಸಾಲ. ಸಾಲ ತೆಗೆದುಕೊಂಡಾಗ ಅದಕ್ಕೆ ನ್ಯಾಯವಾದ ಕಾರಣವಿತ್ತು, ಬಡ್ಡಿಯೂ ಕಡಿಮೆಯಿತ್ತು. ಮುಂದಿನ ಮೂವತ್ತು ವರ್ಷ ಅಸಲು ತೀರಿಸದೆ ಸಾಲದ ಮೇಲೆ ಸಾಲ ಮಾಡಿದ್ದೇ ತಪ್ಪು. ಕತೆ ಶುರುವಾಗುವುದು 1937ರಲ್ಲಿ, ಎಡ್ವರ್ಡ್ ಟರ್ನರ್ ವಿನ್ಯಾಸ ಮಾಡಿದ ಟ್ರಯಂಫ್ ಸ್ಪೀಡ್ ಟ್ವಿನ್‌ನಿಂದ. ಅದಕ್ಕೆ ಮೊದಲೂ ಜೋಡಿ ಸಿಲಿಂಡರ್ ಬೈಕುಗಳಿದ್ದವು. ಟ್ರಯಂಫ್ ಕಂಪನಿಯೇ 1933ರಲ್ಲಿ ವಾಲ್ ಪೇಜ್ ಅವರ 650 ಸಿ.ಸಿ. ಟ್ವಿನ್ ತಂದಿತ್ತು. ಆದರೆ ಅದು ಭಾರವಾದ ಗಾಡಿ, ಮಾರಾಟವಾಗಲಿಲ್ಲ. ಟರ್ನರ್ ಮಾಡಿದ ಎಂಜಿನ್ 498 ಸಿ.ಸಿ.ಯದು. ಸಿಲಿಂಡರಿನ ಒಳವ್ಯಾಸ 63 ಮಿ.ಮೀ., ಪಿಸ್ಟನ್ನಿನ ಓಡಾಟ 80 ಮಿ.ಮೀ. ಕಂಪನಿಯ ಒಂಟಿ ಸಿಲಿಂಡರ್ ಬೈಕಿನ ಚೌಕಟ್ಟಿನೊಳಗೇ ಅದು ಕೂತುಬಿಟ್ಟಿತು. ಆ ಕಾಲದಲ್ಲಿ ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ ಇಡುವ ಬೈಕುಗಳು ಚಾಲ್ತಿಯಲ್ಲಿದ್ದವು. ಹಾಗಾಗಿ ಸ್ಪೀಡ್ ಟ್ವಿನ್ ಪಕ್ಕದಲ್ಲಿ ನಿಂತರೂ ಪರಿಚಿತ ಒಂಟಿ ಎಂಜಿನ್ನಿನಂತೆಯೇ ಕಾಣುತ್ತಿತ್ತು. ಹೊಸದನ್ನು ಕಂಡರೆ ಹಿಂಜರಿಯುವ ಗಿರಾಕಿಗೆ ಹೊಸದನ್ನು ಹಳೆಯ ವೇಷದಲ್ಲಿ ಮಾರಿದ ಜಾಣತನ ಅದು. ಯುದ್ಧ ಮುಗಿದದ್ದೇ ತಡ, ಬಿಎಸ್‌ಎ 1946ರಲ್ಲಿ, ನಾರ್ಟನ್, ರಾಯಲ್ ಎನ್‌ಫೀಲ್ಡ್ ಮುಂತಾದವು 1940ರ ದಶಕ ಮುಗಿಯುವುದರೊಳಗೆ ಅದೇ ಅಚ್ಚಿನ ಎಂಜಿನ್ನುಗಳನ್ನು ಹೊರತಂದವು.

ಈಗ ಒನಕೆಯ ಪ್ರಶ್ನೆಗೆ ಬರೋಣ. ಒನಕೆ ಇಳಿದಾಗಲೆಲ್ಲ ಪೆಟ್ಟು ಬೀಳುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಇಳಿದರೆ ಅದರಲ್ಲಿ ಒಂದು ಸಲ ಮಾತ್ರ ಉರಿಯ ಪೆಟ್ಟು. ಇನ್ನೊಂದು ಸಲ ಇಳಿಯುವುದು ಗಾಳಿ ಪೆಟ್ರೋಲು ಹೀರಿಕೊಳ್ಳಲಿಕ್ಕೆ. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಒಂದು ಸಿಲಿಂಡರಿಗೆ ಒಂದು ಪೆಟ್ಟು. ಹೀಗಿರುವಾಗ ಎರಡು ಪಿಸ್ಟನ್ ಒಟ್ಟಿಗೆ ಚಲಿಸುವಂತೆ ಮಾಡಿ, ಈ ಸುತ್ತಿನಲ್ಲಿ ಎಡದ್ದು, ಮುಂದಿನ ಸುತ್ತಿನಲ್ಲಿ ಬಲದ್ದು ಉರಿಯುವಂತೆ ಮಾಡಿದರೆ ಪ್ರತಿ ಸುತ್ತಿಗೂ ಒಂದು ಪೆಟ್ಟು, ಕರಾರುವಾಕ್ಕಾಗಿ 360 ಡಿಗ್ರಿಗೊಂದು. ಅಂದರೆ ಚಲನೆಯಲ್ಲಿ ಜೊತೆ, ಪೆಟ್ಟಿನಲ್ಲಿ ಸರದಿ. ಒನಕೆಯವರಂತೆ ಒಂದು ಏರುವಾಗ ಇನ್ನೊಂದು ಇಳಿಯಲಿ ಎಂದು ಕ್ರ್ಯಾಂಕನ್ನು 180 ಡಿಗ್ರಿಗೆ ತಿರುಚಿದರೆ ಚಲನೆ ಸರದಿಗೆ ಬರುತ್ತದೆ, ಪೆಟ್ಟು ಮಾತ್ರ ಎಡವುತ್ತದೆ: ಅರ್ಧ ಸುತ್ತಿಗೊಂದು ಪೆಟ್ಟು, ಆಮೇಲೆ ಒಂದೂವರೆ ಸುತ್ತು ಮೌನ. ಓಟ ಕುಂಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕಾರ್ಬುರೇಟರಿನದು. 1937ರ ಗಾಡಿಗೆ ಇದ್ದದ್ದು ಒಂದೇ ಕಾರ್ಬುರೇಟರ್. ಎರಡು ಸಿಲಿಂಡರುಗಳು ಸಮನಾದ ಅಂತರದಲ್ಲಿ ಹೀರಿದರೆ ಮಾತ್ರ ಇಬ್ಬರಿಗೂ ಸಮಪಾಲು. ಬೆನ್ನಿಗೆ ಬೆನ್ನು ಹೀರಿ ಆಮೇಲೆ ಸುಮ್ಮನಿದ್ದರೆ ಒಬ್ಬನಿಗೆ ಊಟ, ಒಬ್ಬನಿಗೆ ಎಂಜಲು. ಮ್ಯಾಗ್ನೆಟೊಗೂ ಅದೇ ಮಾತು: ಸಮನಾದ ಅಂತರದಲ್ಲಿ ಕಿಡಿ ಕೊಡುವುದು ಸುಲಭ, ಅಸಮ ಅಂತರದಲ್ಲಿ ಕೊಡುವುದು ತೊಡಕು. ಹೀಗೆ ಪೆಟ್ಟು, ಉಸಿರು, ಕಿಡಿ ಮೂರನ್ನೂ ಸಮ ಮಾಡಿಕೊಂಡು, ಅದಕ್ಕೆ ಬದಲಾಗಿ ಚಲನೆಯ ಅಸಮತೋಲವನ್ನು ಒಪ್ಪಿಕೊಂಡ ವ್ಯವಹಾರವೇ ಬ್ರಿಟಿಷ್ ಟ್ವಿನ್.

ಆ ಅಸಮತೋಲ ಎಷ್ಟು ಎಂಬುದನ್ನು ಶಾಲೆಯ ಗಣಿತದಲ್ಲೇ ನೋಡಬಹುದು. ಪಿಸ್ಟನ್ ಮೇಲಿನ ತುದಿಗೆ ಹೋಗಿ ನಿಂತು ತಿರುಗಬೇಕು. ಹಾಗೆ ತಿರುಗಿಸಲು ಬೇಕಾದ ವೇಗೋತ್ಕರ್ಷ ಕ್ರ್ಯಾಂಕಿನ ತೋಳಿನ ಉದ್ದವನ್ನೂ ಸುತ್ತುವ ವೇಗದ ವರ್ಗವನ್ನೂ ಅವಲಂಬಿಸಿದೆ. ಸ್ಪೀಡ್ ಟ್ವಿನ್‌ನ ಕ್ರ್ಯಾಂಕ್ ತೋಳು 40 ಮಿ.ಮೀ. ನಿಮಿಷಕ್ಕೆ 6000 ಸುತ್ತಿನಲ್ಲಿ ಓಡುವಾಗ ಲೆಕ್ಕ ಹಾಕಿದರೆ ವೇಗೋತ್ಕರ್ಷ ಭೂಮಿಯ ಸೆಳೆತದ ಸುಮಾರು 1600 ಪಟ್ಟು. ಪಿಸ್ಟನ್, ಅದರ ಪಿನ್ನು, ಕನೆಕ್ಟಿಂಗ್ ರಾಡಿನ ಮೇಲ್ಭಾಗ ಸೇರಿ 400 ಗ್ರಾಂ ಎಂದಿಟ್ಟುಕೊಳ್ಳೋಣ. ಆ 400 ಗ್ರಾಂ ತಿರುಗುವ ಗಳಿಗೆಯಲ್ಲಿ ಕ್ರ್ಯಾಂಕನ್ನು ಸುಮಾರು 640 ಕೆ.ಜಿ. ಭಾರದಷ್ಟು ಬಲದಿಂದ ಮೇಲಕ್ಕೆ ಸೆಳೆಯುತ್ತದೆ. ಎರಡು ಪಿಸ್ಟನ್ ಒಟ್ಟಿಗೆ ಚಲಿಸುವುದರಿಂದ ಎರಡರ ಬಲವೂ ಕೂಡಿ ಸುಮಾರು 1300 ಕೆ.ಜಿ. ಸೆಕೆಂಡಿಗೆ ನೂರು ಸಲ ಮೇಲಕ್ಕೆ, ನೂರು ಸಲ ಕೆಳಕ್ಕೆ. ಬೈಕಿನ ಒಟ್ಟು ತೂಕ ಅದರ ಕಾಲುಭಾಗವೂ ಇಲ್ಲ. ಇದೇ ಎಂಜಿನ್ 3000 ಸುತ್ತಿನಲ್ಲಿ ಓಡಲಿ: ವೇಗ ಅರ್ಧಕ್ಕಿಳಿದರೆ ಬಲ ಕಾಲಿಗಿಳಿಯುತ್ತದೆ, 320 ಕೆ.ಜಿ. ಸುಮಾರಿಗೆ ಬಂದು ನಿಲ್ಲುತ್ತದೆ. ನಡುಕ ವೇಗದ ಜೊತೆ ಹೆಜ್ಜೆ ಹಾಕುವುದಿಲ್ಲ, ವೇಗದ ವರ್ಗದ ಜೊತೆ ಜಿಗಿಯುತ್ತದೆ ಎಂಬ ಈ ಒಂದು ಮಾತು ನೆನಪಿಟ್ಟುಕೊಂಡರೆ ಬ್ರಿಟಿಷ್ ಟ್ವಿನ್‌ನ ಏಳುಬೀಳು ಪೂರ್ತಿ ಅರ್ಥವಾಗುತ್ತದೆ.

ಎದುರುತೂಕ ಇಟ್ಟರೆ ಆಯಿತಲ್ಲ ಎನ್ನಬಹುದು. ಇಟ್ಟಿದ್ದರು. ಕ್ರ್ಯಾಂಕಿನ ಎದುರು ಮಗ್ಗುಲಲ್ಲಿ ಲೋಹದ ಗಡ್ಡೆ ಇಟ್ಟರೆ ಪಿಸ್ಟನ್ ಮೇಲೆ ಸೆಳೆಯುವಾಗ ಅದು ಕೆಳಗೆ ಸೆಳೆಯುತ್ತದೆ. ಆದರೆ ಪಿಸ್ಟನ್ ಹೋಗಿಬರುವುದು ನೇರ ಗೆರೆಯಲ್ಲಿ, ಎದುರುತೂಕ ಸುತ್ತುವುದು ವೃತ್ತದಲ್ಲಿ. ಪಿಸ್ಟನ್ ನಡುದಾರಿಯಲ್ಲಿ ಇರುವಾಗ ಅದಕ್ಕೆ ಮೇಲೆ ಕೆಳಗೆ ಸೆಳೆಯುವ ಕೆಲಸವಿಲ್ಲ, ಎದುರುತೂಕ ಮಾತ್ರ ಬೈಕನ್ನು ಮುಂದಕ್ಕೋ ಹಿಂದಕ್ಕೋ ಎಳೆಯುತ್ತಿರುತ್ತದೆ. ಪೂರ್ತಿ ಎದುರುತೂಕ ಇಟ್ಟರೆ ಮೇಲೆ ಕೆಳಗಿನ ನಡುಕವೆಲ್ಲ ಹಿಂದೆ ಮುಂದಿನ ನಡುಕವಾಗುತ್ತದೆ. ಅರ್ಧ ಇಟ್ಟರೆ ಎರಡಕ್ಕೂ ಅರ್ಧರ್ಧ ಹಂಚಿಕೆಯಾಗುತ್ತದೆ. ಎದುರುತೂಕ ನಡುಕವನ್ನು ಕೊಲ್ಲುವುದಿಲ್ಲ, ಅದರ ದಿಕ್ಕನ್ನು ತಿರುಗಿಸುತ್ತದೆ, ಅಷ್ಟೆ. ಯಾವ ಚೌಕಟ್ಟಿಗೆ ಯಾವ ದಿಕ್ಕಿನ ನಡುಕ ಸಹ್ಯವೋ ಅದಕ್ಕೆ ತಕ್ಕಂತೆ ಒಂದೊಂದು ಕಂಪನಿ ಒಂದೊಂದು ಪ್ರಮಾಣ ಆರಿಸಿಕೊಂಡಿತು. ಕೊನೆಗೆ ನಾರ್ಟನ್ ಕಂಪನಿ 1967ರಲ್ಲಿ ತೋರಿಸಿದ ಕಮಾಂಡೊದಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂಗಾಲಿಯ ತೋಳು ಮೂರನ್ನೂ ಒಂದೇ ಗಂಟು ಮಾಡಿ ರಬ್ಬರಿನ ಮೇಲೆ ಕೂರಿಸಿಬಿಟ್ಟಿತು. ಐಸೊಲಾಸ್ಟಿಕ್ ಎಂಬ ಆ ಏರ್ಪಾಟಿನಲ್ಲಿ ಎಂಜಿನ್ ತನ್ನ ಪಾಡಿಗೆ ಕುಣಿಯುತ್ತದೆ, ನಡುಕ ಸವಾರನಿಗೆ ಅಷ್ಟಾಗಿ ತಲುಪುವುದಿಲ್ಲ. ರೋಗಕ್ಕೆ ಮದ್ದು ಕೊಡುವ ಬದಲು ರೋಗಿಯನ್ನು ಬೇರೆ ಕೋಣೆಗೆ ಹಾಕಿದಂತೆ. ಆದರೂ ಅದು ಕೆಲಸ ಮಾಡಿತು.

ಅಂಥ ಉಪಾಯದ ಅಗತ್ಯ ಬಿದ್ದದ್ದೇ ಸಾಲ ಬೆಳೆದಿದ್ದರಿಂದ. ಟರ್ನರ್ 500 ಸಿ.ಸಿ.ಗೆ ಮಾಡಿದ ನಕ್ಷೆ 1950ರ ಹೊತ್ತಿಗೆ 650 ಆಯಿತು. 1959ರ ಬಾನವಿಲ್‌ನಲ್ಲಿ ಪಿಸ್ಟನ್ನಿನ ಓಡಾಟ 82 ಮಿ.ಮೀ., ಒಳವ್ಯಾಸ 71 ಮಿ.ಮೀ.; 6500 ಸುತ್ತಿನಲ್ಲಿ 46 ಅಶ್ವಶಕ್ತಿ. ಕಮಾಂಡೊ 745 ಸಿ.ಸಿ.ಯಿಂದ ಶುರುವಾಗಿ 828ಕ್ಕೆ ಬಂದು ನಿಂತಿತು. ಅಲ್ಲಿ ಓಡಾಟ 89 ಮಿ.ಮೀ. ಪಿಸ್ಟನ್ ದಪ್ಪವಾಯಿತು ಅಂದರೆ ತೂಕ ಏರಿತು, ಓಡಾಟ ಉದ್ದವಾಯಿತು ಅಂದರೆ ತೋಳು ಏರಿತು, ವೇಗ ಹೆಚ್ಚಿತು ಅಂದರೆ ಅದರ ವರ್ಗ ಏರಿತು. ಮೂರೂ ಒಂದನ್ನೊಂದು ಗುಣಿಸುತ್ತವೆ. ಅದರ ಮೇಲೆ, ಟ್ರಯಂಫಿನ ಅಗಲವಾದ ಕ್ರ್ಯಾಂಕಿಗೆ ಆಧಾರವಾಗಿ ಇದ್ದದ್ದು ಎರಡು ತುದಿಯ ಎರಡೇ ಬೇರಿಂಗುಗಳು, ನಡುವೆ ಫ್ಲೈವೀಲ್. ಎಂಜಿನ್ ಸಪೂರವಾಗಿರಲಿ, ಒಂಟಿ ಎಂಜಿನ್ನಿನ ಚೌಕಟ್ಟಿಗೆ ಹಿಡಿಯಲಿ ಎಂಬ 1937ರ ಆಸೆಯ ಫಲ ಅದು. ಎಜೆಎಸ್, ಮ್ಯಾಚ್‌ಲೆಸ್ ಟ್ವಿನ್‌ಗಳು ನಡುವೆ ಮೂರನೆಯ ಬೇರಿಂಗ್ ಇಟ್ಟವು. ಕ್ರ್ಯಾಂಕ್ ಬಾಗುವುದು ಕಡಿಮೆಯಾಯಿತೇ ಹೊರತು ನಡುಕ ಹೋಗಲಿಲ್ಲ. ಹೆಡ್‌ಲೈಟಿನ ಬಲ್ಬ್ ತಂತಿ ಕಡಿಯುವುದು, ನಟ್ಟುಗಳು ಸಡಿಲವಾಗುವುದು, ಹ್ಯಾಂಡಲ್ ಹಿಡಿದ ಬೆರಳು ಜೋಮು ಹಿಡಿಯುವುದು ಈ ಗುಣಾಕಾರದ ಉತ್ತರಗಳು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಇದೆಲ್ಲ ಕೈಗಾರಿಕೆಯ ಸೋಮಾರಿತನ. ಬ್ರಿಟಿಷರು ಹಳೇ ಯಂತ್ರಗಳಲ್ಲಿ ಒರಟಾಗಿ ಮಾಡಿದರು, ಜಪಾನಿನವರು ಅಚ್ಚುಕಟ್ಟಾಗಿ ಮಾಡಿ ಗೆದ್ದರು ಎಂಬ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಬ್ರಿಟಿಷ್ ಬೈಕುಗಳಿಂದ ಎಣ್ಣೆ ಸೋರುತ್ತಿತ್ತು. ಕ್ರ್ಯಾಂಕ್ ಪೆಟ್ಟಿಗೆಯನ್ನು ತೆಂಗಿನಕಾಯಿ ಹೋಳಿನಂತೆ ಎಡ, ಬಲ ಎಂದು ಲಂಬವಾಗಿ ಸೀಳಿ ಕೂಡಿಸಿದ್ದರಿಂದ ಕೂಡಿದ ಗೆರೆ ಎಣ್ಣೆ ನಿಲ್ಲುವ ತಳದವರೆಗೂ ಹೋಗುತ್ತಿತ್ತು. ಜಪಾನಿನವರು ಅಡ್ಡಡ್ಡ ಸೀಳಿ, ಎಣ್ಣೆಯ ಮಟ್ಟಕ್ಕಿಂತ ಮೇಲೆ ಗೆರೆ ತಂದರು, ಸೋರಿಕೆ ನಿಂತಿತು. ಆದರೆ ಸೋರಿಕೆ ಬೇರೆ, ನಡುಕ ಬೇರೆ. ಎರಡನ್ನೂ ಒಂದೇ ದೂರಿನಲ್ಲಿ ಕಟ್ಟುವುದರಿಂದಲೇ ಈ ಗೊಂದಲ. ಯಮಾಹಾ ಕಂಪನಿ 1970ರ ಸುಮಾರಿಗೆ ತಂದ ಎಕ್ಸ್‌ಎಸ್ 650 ಇದಕ್ಕೆ ಸಾಕ್ಷಿ. ಅಡ್ಡ ಸೀಳಿದ ಪೆಟ್ಟಿಗೆ, ಒಳ್ಳೆಯ ಬೇರಿಂಗುಗಳು, ನಿಖರವಾದ ಕೆಲಸ ಎಲ್ಲ ಇತ್ತು. ಕ್ರ್ಯಾಂಕ್ ಮಾತ್ರ ಬ್ರಿಟಿಷರಂತೆಯೇ 360 ಡಿಗ್ರಿ. ಎಣ್ಣೆ ಸೋರಲಿಲ್ಲ, ಚೆನ್ನಾಗಿ ನಡುಗಿತು. ಕೆಲಸಗಾರನ ಕೈ ಎಷ್ಟೇ ನಯವಾಗಿದ್ದರೂ ಗಣಿತ ಒಪ್ಪಂದಕ್ಕೆ ಬರುವುದಿಲ್ಲ.

ಇನ್ನೂ ಗಟ್ಟಿಯಾದ ಸಾಕ್ಷ್ಯಕ್ಕೆ ಮೈಸೂರಿಗೇ ಬರಬೇಕು. 1960ರಲ್ಲಿ ಹುಟ್ಟಿ, ಮರುವರ್ಷದಿಂದ ಬೈಕ್ ತಯಾರಿಸತೊಡಗಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು. ಚೆಕ್ ದೇಶದ ಜಾವಾ ನಕ್ಷೆಗಳನ್ನು ಅದು ಮೊದಲು ಜಾವಾ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಮಾಡಿ ಮಾರಿತು, 1996ರಲ್ಲಿ ಬಾಗಿಲು ಹಾಕಿತು. ಅದರ 250 ಸಿ.ಸಿ. ಬೈಕಿನ ಎರಡು ಮಗ್ಗುಲಲ್ಲಿ ಎರಡು ಸೈಲೆನ್ಸರ್ ಕಂಡು ಇದು ಜೋಡಿ ಎಂಜಿನ್ ಎಂದುಕೊಂಡವರು ಕಡಿಮೆಯಲ್ಲ. ಒಳಗಿದ್ದದ್ದು ಒಂದೇ ಸಿಲಿಂಡರ್. ಅದಕ್ಕೆ ಎರಡು ಹೊಗೆದಾರಿ. ಬ್ರಿಟನ್ನಿನಲ್ಲಿ ಜೋಡಿ ಒಂಟಿಯ ವೇಷ ಹಾಕಿತ್ತು, ಮೈಸೂರಿನಲ್ಲಿ ಒಂಟಿ ಜೋಡಿಯ ವೇಷ ಹಾಕಿತು. ಗೇರ್ ಹಾಕುವ ಕಾಲುಸನ್ನೆಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ ಆಗುವ ಆ ಬೈಕಿನಲ್ಲಿ ಒಂದು ವಸ್ತು ಎರಡು ಕೆಲಸ ಮಾಡುವುದು ಹೊಸದೇನೂ ಅಲ್ಲ. ಆದರೆ 1980ರ ದಶಕದಲ್ಲಿ ಅದೇ ಕಾರ್ಖಾನೆ ನಿಜವಾದ ಜೋಡಿ ಎಂಜಿನ್ನನ್ನೂ ತಂದಿತು, ಯೆಜ್ಡಿ 350 ಟ್ವಿನ್. ಒಳವ್ಯಾಸ 58 ಮಿ.ಮೀ., ಓಡಾಟ 65 ಮಿ.ಮೀ. ಅಕ್ಕಪಕ್ಕದ ಎರಡು ಸಿಲಿಂಡರ್, ಹೊರನೋಟಕ್ಕೆ ಬ್ರಿಟಿಷ್ ಟ್ವಿನ್‌ನ ಮೋಟು ತಮ್ಮ. ಒಳಗೆ ಮಾತ್ರ ಪಿಸ್ಟನ್‌ಗಳು ಒನಕೆಯವರಂತೆಯೇ ಸರದಿಯಲ್ಲಿ ಏರಿಳಿಯುತ್ತಿದ್ದವು.

ಅದಕ್ಕೆ ಕಾರಣ ಅದು ಎರಡು ಹೊಡೆತದ ಎಂಜಿನ್ ಆಗಿದ್ದದ್ದು. ಅಲ್ಲಿ ಪಿಸ್ಟನ್ ಇಳಿದಾಗಲೆಲ್ಲ ಪೆಟ್ಟು, ಥೇಟ್ ಒನಕೆಯಂತೆ. ಎರಡು ಪಿಸ್ಟನ್ ಒಟ್ಟಿಗೆ ಏರಿದರೆ ಒಟ್ಟಿಗೇ ಉರಿಯುತ್ತವೆ. ಜೋಡಿ ಎಂಜಿನ್ ದೊಡ್ಡದೊಂದು ಒಂಟಿ ಎಂಜಿನ್ ಆಗಿ ಕೂರುತ್ತದೆ. ಆದ್ದರಿಂದ ಅಲ್ಲಿ ಸಮನಾದ ಪೆಟ್ಟು ಬೇಕೆಂದರೆ 180 ಡಿಗ್ರಿಯೇ ದಾರಿ. ಹಾಗೆ ಮಾಡಿದಾಗ ಒಂದು ಪಿಸ್ಟನ್ನಿನ ಮೇಲಿನ ಸೆಳೆತವನ್ನು ಇನ್ನೊಂದರ ಕೆಳಗಿನ ಸೆಳೆತ ತಿಂದುಹಾಕುತ್ತದೆ. ಉಳಿಯುವುದು ಮುಖ್ಯವಾಗಿ ಎರಡೂ ಬೇರೆ ಬೇರೆ ಜಾಗದಲ್ಲಿರುವುದರಿಂದ ಬರುವ ಎಡಬಲದ ತೂಗಾಟ. 1983ರಿಂದ ಎಸ್ಕಾರ್ಟ್ಸ್ ಕಂಪನಿ ಮಾರಿದ ರಾಜ್‌ದೂತ್ 350 ಎಂಬ ಯಮಾಹಾ ನಕ್ಷೆಯ ಎರಡು ಹೊಡೆತದ ಜೋಡಿಯಲ್ಲೂ ಇದೇ ಕೋನ. ಮೈಸೂರಿನವರು ಬ್ರಿಟನ್ನಿನವರಿಗಿಂತ ಜಾಣರೆಂದೋ, ಟರ್ನರ್ ದಡ್ಡನೆಂದೋ ಇದರರ್ಥವಲ್ಲ. ಎಂಜಿನ್ ಉಸಿರಾಡುವ ಬಗೆ ಬದಲಾದರೆ ಕ್ರ್ಯಾಂಕಿನ ಕೋನವೂ ಬದಲಾಗುತ್ತದೆ, ಅಷ್ಟೇ. ಒಂದೇ ಆಕಾರದ ಎರಡು ಎಂಜಿನ್ನುಗಳಲ್ಲಿ ಎರಡು ಬೇರೆ ಕೋನ ಸರಿಯಾಗಿರುವಾಗ, ಕೋನವನ್ನೇ ಹಿಡಿದುಕೊಂಡು ಒಂದನ್ನು ಪೆದ್ದುತನ ಎನ್ನಲು ಬರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ನೇರವಾದದ್ದು. ಜೋಡಿ ಎಂಜಿನ್ ಅಷ್ಟು ಲೆಕ್ಕಾಚಾರದ್ದಾದರೆ ನಮ್ಮ ಬಯಲುಸೀಮೆಯಲ್ಲಿ ಹೆಸರು ಉಳಿಸಿಕೊಂಡದ್ದು ಬುಲೆಟ್ ಮತ್ತು ಒಂಟಿ ಸಿಲಿಂಡರಿನ ಯೆಜ್ಡಿ ಯಾಕೆ? ಒಂಟಿ ಪಿಸ್ಟನ್ನಿನಲ್ಲೂ ಅದೇ ಅಸಮತೋಲ ಇದೆ, ಎದುರಾಳಿಯೇ ಇಲ್ಲದ ಒಬ್ಬಂಟಿ ಒನಕೆ ಅದು. ಉತ್ತರ ಮತ್ತೆ ವರ್ಗದಲ್ಲೇ ಇದೆ. ಹಳೆಯ 350 ಸಿ.ಸಿ. ಬುಲೆಟ್ಟಿನ ಓಡಾಟ 90 ಮಿ.ಮೀ., ಸ್ಪೀಡ್ ಟ್ವಿನ್‌ಗಿಂತ ಉದ್ದ. ಆದರೆ ಅದನ್ನು ಯಾರೂ 6000 ಸುತ್ತಿಗೆ ಎಳೆಯುವುದಿಲ್ಲ. 3000 ಸುತ್ತಿನಲ್ಲಿ ಅದರ ಪಿಸ್ಟನ್ ಅನುಭವಿಸುವ ವೇಗೋತ್ಕರ್ಷ ಭೂಮಿಯ ಸೆಳೆತದ ಸುಮಾರು 450 ಪಟ್ಟು ಮಾತ್ರ. ದಾವಣಗೆರೆಯಿಂದ ಜಗಳೂರಿಗೆ ಇರುವ ಸುಮಾರು 50 ಕಿಲೋಮೀಟರ್ ದಾರಿಯನ್ನೇ ತೆಗೆದುಕೊಳ್ಳಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಮುಂದೆ ಶೇಂಗಾದ ಚೀಲವೊಂದನ್ನು ಇಟ್ಟುಕೊಂಡು, ಹೊಂಡ ಬಂದಲ್ಲಿ ನಿಧಾನಿಸಿ, ಮತ್ತೆ ಗೇರ್ ಬದಲಿಸದೆ ಎಳೆಯಬೇಕು ಎನ್ನುವ ಸವಾರಿಗೆ ಕಡಿಮೆ ಸುತ್ತಿನಲ್ಲಿ ಜಗ್ಗುವ ಎಂಜಿನ್ ಬೇಕು, ಹೆಚ್ಚು ಸುತ್ತಿನಲ್ಲಿ ಓಡುವುದಲ್ಲ. ಇನ್ನೊಂದು, ಜಗಳೂರಿನಲ್ಲಿ ಬೋರ್ ಎಂದರೆ ಮೊದಲು ನೆನಪಾಗುವುದು ಕೊಳವೆಬಾವಿ. ಎಂಜಿನ್ನಿನ ಬೋರ್ ಆಮೇಲಿನ ಮಾತು. ಎರಡಕ್ಕೂ ಅನ್ವಯಿಸುವ ಒಂದು ಬುದ್ಧಿ ಇದೆ: ಎರಡು ಕೊರೆಸಿದರೆ ಖರ್ಚು ಎರಡರಷ್ಟು. ಧೂಳು ತಿಂದು ಸವೆದ ಸಿಲಿಂಡರನ್ನು ಲೇತಿನಂಗಡಿಗೆ ಒಯ್ದು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬೇಕಾದಾಗ ಒಂಟಿಗೆ ಒಂದು, ಜೋಡಿಗೆ ಎರಡು, ಅದೂ ಎರಡೂ ಒಂದೇ ಅಳತೆಗೆ, ಒಂದೇ ತೂಕದ ಪಿಸ್ಟನ್‌ಗಳೊಂದಿಗೆ. 1941ರಿಂದ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡಿದ ಜಿಲ್ಲೆಯಲ್ಲಿ ಆ ಕೆಲಸ ಬಲ್ಲವರಿಗೆ ಬರವಿಲ್ಲ; ಆದರೆ ಖರ್ಚು ಖರ್ಚೇ. ಒಂಟಿ ಗೆದ್ದದ್ದು ನಡುಕ ಕಡಿಮೆ ಇದ್ದದ್ದರಿಂದಲ್ಲ, ನಡುಕ ಏಳುವ ವೇಗಕ್ಕೆ ಇಲ್ಲಿನ ದಾರಿ, ಹೊರೆ, ಜೇಬು ಮೂರೂ ಹೋಗಗೊಡದಿದ್ದರಿಂದ. ಇದು ಬ್ರಿಟಿಷ್ ಟ್ವಿನ್ ವಿರುದ್ಧದ ಸಾಕ್ಷ್ಯವಲ್ಲ; ನಡುಕವನ್ನು ನಿರ್ಧರಿಸುವುದು ಎಂಜಿನ್ನಿನ ನಕ್ಷೆಯೊಂದೇ ಅಲ್ಲ, ಅದನ್ನು ಓಡಿಸುವ ವೇಗವೂ ಹೌದು ಎಂಬುದಕ್ಕೆ ಸಾಕ್ಷ್ಯ.

ಕೊನೆಯ ಆಕ್ಷೇಪ ಇವತ್ತಿನದು. 2018ರಲ್ಲಿ ರಾಯಲ್ ಎನ್‌ಫೀಲ್ಡ್ ಭಾರತದಲ್ಲಿ ಬಿಡುಗಡೆ ಮಾಡಿದ ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650 ಕೂಡ ನಾಲ್ಕು ಹೊಡೆತದ ಅಕ್ಕಪಕ್ಕದ ಜೋಡಿಗಳೇ. ಚೆನ್ನೈನಲ್ಲಿ ತಯಾರಾಗುವ ಈ 648 ಸಿ.ಸಿ. ಎಂಜಿನ್ನಿನ ಕ್ರ್ಯಾಂಕ್ 270 ಡಿಗ್ರಿಯದು, ಓಡಾಟ 67.8 ಮಿ.ಮೀ., 47 ಅಶ್ವಶಕ್ತಿ. 270 ಡಿಗ್ರಿಯಲ್ಲಿ ಒಂದು ಪಿಸ್ಟನ್ ತುದಿಯಲ್ಲಿ ನಿಂತ ಗಳಿಗೆಯಲ್ಲಿ ಇನ್ನೊಂದು ನಡುದಾರಿಯಲ್ಲಿ ಭರದಿಂದ ಓಡುತ್ತಿರುತ್ತದೆ. ಎರಡೂ ಒಟ್ಟಿಗೆ ನಿಲ್ಲುವ ಗಳಿಗೆಯೇ ಇಲ್ಲ. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಸುತ್ತಿಗೆ ಎರಡು ಸಲ ಏಳುವ ಕಿರುನಡುಕ ಈ ಕೋನದಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಉಳಿದ ಹಿರಿನಡುಕವನ್ನು ಎದುರು ದಿಕ್ಕಿಗೆ ತಿರುಗುವ ಬ್ಯಾಲೆನ್ಸರ್ ದಂಡ ಹೀರಿಕೊಳ್ಳುತ್ತದೆ. ಇಷ್ಟು ಚೆಂದದ ಉಪಾಯವಿರುವಾಗ 1937ರಲ್ಲೇ ಯಾಕೆ ಮಾಡಲಿಲ್ಲ? ಯಾಕೆಂದರೆ 270 ಡಿಗ್ರಿಯ ಪೆಟ್ಟು ಸಮನಾದುದಲ್ಲ: ಒಮ್ಮೆ 270 ಡಿಗ್ರಿಗೆ, ಒಮ್ಮೆ 450 ಡಿಗ್ರಿಗೆ. ಹಂಚಿಕೊಂಡ ಒಂದೇ ಕಾರ್ಬುರೇಟರ್, ಸಮ ಅಂತರದ ಮ್ಯಾಗ್ನೆಟೊ ಇದ್ದಾಗ ಆ ಅಸಮತೆ ದುಬಾರಿ. ಇವತ್ತು ಪ್ರತಿ ಸಿಲಿಂಡರಿಗೂ ತನ್ನದೇ ಇಂಧನ ಚಿಮ್ಮುವ ನಳಿಕೆ ಇದೆ. ಯಾವ ಕೋನದಲ್ಲಿ ಎಷ್ಟು ಪೆಟ್ರೋಲು, ಯಾವ ಗಳಿಗೆಯಲ್ಲಿ ಕಿಡಿ ಎಂಬುದನ್ನು ಬೆಂಕಿಪೊಟ್ಟಣದಷ್ಟು ಜಾಗದ ಎಲೆಕ್ಟ್ರಾನಿಕ್ಸ್ ಲೆಕ್ಕ ಹಾಕುತ್ತದೆ. ಅಂದು ಸಮಪೆಟ್ಟು ಕೊಳ್ಳಲು ನಡುಕವನ್ನು ಒಪ್ಪಬೇಕಿತ್ತು. ಇಂದು ಅಸಮಪೆಟ್ಟನ್ನು ಎಲೆಕ್ಟ್ರಾನಿಕ್ಸ್ ನಿಭಾಯಿಸುವುದರಿಂದ ನಡುಕವನ್ನು ಒಪ್ಪಬೇಕಿಲ್ಲ. ಅದೇ ವ್ಯವಹಾರ, ಬೆಲೆಪಟ್ಟಿ ಮಾತ್ರ ಬದಲಾಗಿದೆ.

ಹಾಗಾಗಿ ಹಳೆಯ ಟ್ರಯಂಫನ್ನೋ ನಾರ್ಟನ್ನನ್ನೋ ಕಂಡಾಗ ಅದರ ನಡುಕಕ್ಕೆ ನಗುವ ಮೊದಲು ಅದಕ್ಕೆ ಯಾವ ಪ್ರಶ್ನೆ ಹಾಕಲಾಗಿತ್ತು ಎಂದು ಕೇಳಬೇಕು. 500 ಸಿ.ಸಿ.ಯ ಪ್ರಶ್ನೆಗೆ ಅದು ಕೊಟ್ಟ ಉತ್ತರ ಸರಿಯಾಗಿತ್ತು; 828 ಸಿ.ಸಿ.ಯ ಪ್ರಶ್ನೆಗೂ ಅದೇ ಉತ್ತರವನ್ನು ಬರೆದದ್ದು ತಪ್ಪು. ಓದುಗರು ಇದನ್ನು ತಾವೇ ಪರೀಕ್ಷಿಸಬಹುದು, ಟ್ವಿನ್ನೇ ಬೇಕೆಂದಿಲ್ಲ. ಸುತ್ತು ತೋರಿಸುವ ಮೀಟರಿರುವ, ಬ್ಯಾಲೆನ್ಸರ್ ದಂಡವಿಲ್ಲದ ಯಾವ ಒಂಟಿ ಸಿಲಿಂಡರ್ ಬೈಕಾದರೂ ಸಾಕು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಕಾಲುಮೆಟ್ಟಿನ ಮೇಲೆ ಬೆರಳಿಡಿ. 2000 ಸುತ್ತಿಗೆ ಒಮ್ಮೆ, 4000 ಸುತ್ತಿಗೆ ಒಮ್ಮೆ ನೋಡಿ. ಮೀಟರಿನ ಮುಳ್ಳು ತೋರಿಸುವುದು ಎರಡು ಪಟ್ಟು. ಎಂಜಿನ್ ಒಳಗೆ ಹುಟ್ಟುವ ಬಲ ನಾಲ್ಕು ಪಟ್ಟು.